ಕ್ಯಾಸಲ್‌ರಾಕಿನ ಗಿಟಾರ್ ಪೆಟ್ಟಿಗೆ

ಮಜೀದಸಾಬರ ಎಡಗೈಯಲ್ಲಿ ಏನೋ ಜಾದೂ ಇದೆ ಎಂದು ದಾಂಡೇಲಿಯಲ್ಲಿ ಒಂದು ವರ್ಷ ಮಾತು ಹಬ್ಬಿತ್ತು. ಲಕ್ವಾ ಹೊಡೆದು ಬಲಗೈ ಸೋತುಹೋದ ಮೇಲೂ ಅವರ ಅಂಗಡಿಯಿಂದ ಹೊರಬೀಳುವ ಸ್ಪೀಕರುಗಳು ಮೊದಲಿಗಿಂತ ಚೆನ್ನಾಗಿ ದನಿ ಮಾಡುತ್ತಿದ್ದವು. ಮದುವೆಗೆ, ಉರುಸಿಗೆ, ಗಣಪತಿಗೆ ಮೈಕು ಹಚ್ಚುವವರೆಲ್ಲ ಕೆಟ್ಟ ಸಾಮಾನು ತಂದು ಮೇಜಿನ ಮೇಲಿಟ್ಟು, ಎರಡು ದಿನ ಬಿಟ್ಟು ಬಂದು, ಒಯ್ಯುವಾಗ "ಒಂದ ಕೈಯಾಗ ಹೆಂಗ ಮಾಡ್ತೀರಿ ಸಾಹೇಬ್ರ?" ಎಂದು ಕೇಳುತ್ತಿದ್ದರು. ಮಜೀದಸಾಬರು ನಕ್ಕು ಸುಮ್ಮನಾಗುತ್ತಿದ್ದರು.

ಆ ಕೆಲಸವನ್ನೆಲ್ಲ ಮಾಡುತ್ತಿದ್ದವಳು ಅಂಗಡಿಯ ಹಿಂಭಾಗದಲ್ಲಿ ಪರದೆಯ ಆಚೆ ಕೂತಿದ್ದ ಅವರ ಮಗಳು ನಸೀರಾ.

ನಾಲ್ವರು ಹೆಣ್ಣುಮಕ್ಕಳಲ್ಲಿ ಅವಳು ಮೂರನೆಯವಳು. ಮದುವೆಯಾದ ಎರಡು ವರ್ಷಕ್ಕೆ ಒಂದು ಟ್ರಂಕು ಹಿಡಿದುಕೊಂಡು ತವರಿಗೆ ಮರಳಿದ್ದಳು. ಯಾಕೆ ಬಂದೆ ಎಂದು ಅಪ್ಪ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ, "ಅಂಗಡಿಗೆ ಬರ್ತೀಯೇನ ಬೇಟಿ? ಮನ್ಯಾಗ ಕೂತು ಏನ ಮಾಡ್ತಿ?" ಎಂದರು. ಅಂದಿನಿಂದ ಅವಳು ಆ ವಿದ್ಯೆಗೆ ಬಿದ್ದಳು. ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಎಳೆಯ ಮೇಲೆ ಎಳೆ ಬರದ ಹಾಗೆ ಸುತ್ತುವುದು, ಸ್ಪೀಕರಿನ ಮುಖದ ಹರಿದ ಕಾಗದದ ಕೋನಿಗೆ ತೇಪೆ ಅಂಟಿಸುವುದು, ಸುಟ್ಟ ವಾಸನೆಯಿಂದಲೇ ಯಾವ ಭಾಗ ಹೋಗಿದೆಯೆಂದು ಹೇಳುವುದು. ಅವಳ ಕಿವಿ ಅಪ್ಪನ ಕಿವಿಗಿಂತ ಚುರುಕು ಎಂಬುದು ಮಜೀದಸಾಬರಿಗೆ ಆರು ತಿಂಗಳಲ್ಲೇ ತಿಳಿದಿತ್ತು. ಆದರೆ ಅವರು ಹಾಸಿಗೆ ಹಿಡಿದಾಗ ನಸೀರಾ ಮುಂದಿನ ಕುರ್ಚಿಯಲ್ಲಿ ಕೂತು ನೋಡಿದ್ದಳು. ಬಂದವರು ಇಸ್ತ್ರಿಪೆಟ್ಟಿಗೆ, ಮಿಕ್ಸರ್ ಕೊಟ್ಟರೇ ಹೊರತು ಸ್ಪೀಕರ್ ಕೊಡಲಿಲ್ಲ. "ಸಾಹೇಬ್ರು ಆರಾಮಾದ ಮ್ಯಾಲ ಬರ್ತೇವ್ರಿ" ಎಂದು ಹೇಳಿ ನೇರ ಹುಬ್ಬಳ್ಳಿಯ ಬಸ್ಸು ಹತ್ತಿದರು. ಹೀಗಾಗಿ ಅಪ್ಪ ಎದ್ದು ಕೂರುವಂತಾದ ಕೂಡಲೇ ಮನೆಯ ಒಂದು ಹಳೆಯ ಸೀರೆ ಅಂಗಡಿಯಲ್ಲಿ ಪರದೆಯಾಯಿತು. ಅಪ್ಪ ಮುಂದೆ, ಮಗಳು ಹಿಂದೆ.

೧೯೯೯ರ ಡಿಸೆಂಬರಿನಲ್ಲಿ ಆ ಅಂಗಡಿಗೆ ಬಾಲು ಬಂದ.

ಬಾಲು ಮುಂಡಗೋಡ ತಾಲೂಕಿನ ಮಳಗಿಯ ಹತ್ತಿರದ ಲಂಬಾಣಿ ತಾಂಡಾದವನು. ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಲಾರಿಗೆ ದಿಮ್ಮಿ ಏರಿಸುವ ಕೆಲಸ. ಆ ಬೆರಳುಗಳಿಂದಲೇ ಅವನು ಸಂಜೆ ಗಿಟಾರ್ ಬಾರಿಸುತ್ತಿದ್ದ. ಕಾಗದದ ಗಿರಣಿಯ ನೌಕರ ಅಂದಾನೆಪ್ಪ ಎಂಬವರು ಕಟ್ಟಿದ ಕಾಳಿತೀರ ಆರ್ಕೆಸ್ಟ್ರಾದಲ್ಲಿ ಅವನೇ ಗಿಟಾರಿಸ್ಟ್. ಆದರೆ ಅವರ ಹತ್ತಿರ ಇದ್ದದ್ದು ಭಾಷಣಕ್ಕೆ ಕಟ್ಟುವ ತಗಡಿನ ಹಾರ್ನುಗಳು. ಬಾಲು ಎಷ್ಟು ಮನಸ್ಸಿಟ್ಟು ಬಾರಿಸಿದರೂ ಅದರಿಂದ ಸಂತೆಯಲ್ಲಿ ತಿಗಣೆ ಔಷಧ ಮಾರುವವನ ಕೂಗು ಹೊರಡುತ್ತಿತ್ತು.

"ಚಾಚಾ, ಕ್ಯಾಸಲ್‌ರಾಕದಾಗ ಒಂದು ಗಿಟಾರ್ ಸ್ಪೀಕರ್ ಪೆಟ್ಟಿಗಿ ಐತಂತ್ರಿ" ಎಂದ ಬಾಲು. "ರೇಲ್ವೆ ಮನಿಶ್ಯಾ ಒಬ್ಬಾವ ಗೋವಾದ ಬ್ಯಾಂಡಿನವರ ಕಡೆ ತಗೊಂಡಿದ್ನಂತ. ಅವ ತೀರಿಕೊಂಡಾನ. ಅವನ ಹೆಂಡ್ತಿ ಆರನೂರಕ್ಕ ಕೊಡ್ತೇನಿ ಅಂತಾಳ."

"ಗಿಟಾರಿನ ಪೆಟ್ಟಿಗಿ ಆರನೂರಕ್ಕ?" ಮಜೀದಸಾಬರು ಹುಬ್ಬೇರಿಸಿದರು. "ಒಳಗ ಏನೂ ಉಳದಿರೂದಿಲ್ಲ ತಮ್ಮಾ."

"ಬೆಳಗಾವಿಯವ ಒಬ್ಬ ನೋಡಿ ಸ್ಪೀಕರ್ ಸತ್ತಾವು ಅಂದು ಹೋಗ್ಯಾನಂತ್ರಿ. ಅದಕ್ಕ ನೀವು ಒಮ್ಮೆ ಬಂದು ನೋಡ್ರಿ. ಸಂಕ್ರಾಂತಿ ಮುಗದ ಮೊದಲನೇ ರವಿವಾರ ಹಳಿಯಾಳದಾಗ ಆರ್ಕೆಸ್ಟ್ರಾ ಸ್ಪರ್ಧಾ ಐತಿ. ಈ ಸಲಾನೂ ಆ ಹಾರ್ನಿನ್ಯಾಗ ಬಾರಿಸೂದಾದ್ರ ನಾ ಬಾರಿಸೂದ ಬಿಡ್ತೇನ್ರಿ."

ಕೊನೆಯ ಮಾತು ಪರದೆಯ ಹಿಂದೆ ಕೂತವಳಿಗೆ ನಾಟಿತು. ಬಾಲು ಹೋದ ಮೇಲೆ ಅವಳು ಹೊರಗೆ ಬಂದು, "ಹೋಗಿ ನೋಡೂಣು ಅಬ್ಬಾ" ಎಂದಳು. "ಬಸ್ಸಿನ್ಯಾಗ ನಿಮ್ಮನ್ನ ನಾ ಕರಕೊಂಡು ಹೋಗ್ತೇನಿ."

ರಾಮನಗರದವರೆಗೆ ಬಸ್ಸು, ಅಲ್ಲಿಂದ ಕ್ಯಾಸಲ್‌ರಾಕಿಗೆ ಟ್ರ್ಯಾಕ್ಸ್ ಜೀಪು. ಬಾಲು ಗಿಟಾರನ್ನು ಬೆನ್ನಿಗೆ ಕಟ್ಟಿಕೊಂಡು, ಆಂಪ್ಲಿಫಾಯರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಸೀರಾಳ ಚೀಲದಲ್ಲಿ ಮೀಟರು, ಸ್ಕ್ರೂಡ್ರೈವರು, ಬೆಸುಗೆ ಕಡ್ಡಿ ಮತ್ತು ಎರಡು ಬ್ಯಾಟರಿ ಸೆಲ್ಲು. ದಾರಿಯುದ್ದಕ್ಕೂ ಮಜೀದಸಾಬರು ಒಂದೇ ಮಾತು ಹೇಳುತ್ತಿದ್ದರು: "ಹಳೆ ಸಾಮಾನಿಗೆ ಹೌದು ಅನ್ನಬ್ಯಾಡ. ಬ್ಯಾಡ ಅಂದವನ ಹೆಸರು ಯಾವತ್ತೂ ಕೆಡೂದಿಲ್ಲ."

ತೀರಿಕೊಂಡ ರೇಲ್ವೆಯವನ ಹೆಂಡತಿ ಗಿರಿಜಾಬಾಯಿಯ ಚಹಾ ಅಂಗಡಿ ರೈಲು ನಿಲ್ದಾಣದ ಪಕ್ಕದಲ್ಲೇ ಇತ್ತು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಮರಾಠಿ ಬೆರೆತ ಕನ್ನಡ. ಪೆಟ್ಟಿಗೆ ಅಂಗಡಿಯ ಒಳಮೂಲೆಯಲ್ಲಿತ್ತು. ಅದರ ಮೇಲೆ ಬಿಸ್ಕೀಟಿನ ಡಬ್ಬಿಗಳು, ಸಕ್ಕರೆ ಪಾತ್ರೆ, ಒಂದು ಮಡಿಕೆ ನೀರು.

"ಘ್ಯಾ, ನೋಡಾ ನೋಡಾ" ಎನ್ನುತ್ತ ಆಕೆ ಡಬ್ಬಿಗಳನ್ನು ಇಳಿಸಿದಳು. "ಆಮಚೆ ಮಾಲಕರು, ನಮ್ಮ ಯಜಮಾನ್ರು, ಹೋಗಿ ನಾಕು ವರ್ಷ ಆತು. ರೇಲ್ವೆದಾಗ ಹಳಿ ಬದಲಸೂ ಪಾಯಿಂಟ್ಸ್‌ಮನ್ ಇದ್ರು. ಡ್ಯೂಟಿ ಮುಗಿಸಿ ಬಂದು ಗಿಟಾರ ಬಾರಸಾವ್ರು. ಗಿಟಾರ ಅವರ ತಮ್ಮ ಒಯ್ದ. ಈ ಪೆಟ್ಟಿಗಿ ಯಾರಿಗೂ ಬ್ಯಾಡ."

ಬಟ್ಟೆಯಿಂದ ಒರೆಸಿದಾಗ ಪೆಟ್ಟಿಗೆಯ ಮೈ ಕಂಡಿತು. ನಸೀರಾ ಬೆರಳಿನ ಗೆಣ್ಣಿನಿಂದ ಬಡಿದು ನೋಡಿದಳು. ಗಟ್ಟಿಯಾದ ಪ್ಲೈವುಡ್, ಮರದ ಹುಡಿ ಒತ್ತಿ ಮಾಡಿದ ಹಲಗೆಯಲ್ಲ. ನೀರು ಕುಡಿದು ಉಬ್ಬಿರಲಿಲ್ಲ. ಒಂದು ಬದಿಯ ಹಿಡಿಕೆ ಕಿತ್ತಿತ್ತು. ಮೀಟರ್ ಹಚ್ಚಿದಾಗ ಮುಳ್ಳು ಸರಿಯಾಗಿಯೇ ಏರಿತು. ಒಳಗಿನ ತಂತಿಗಳು ಸುಟ್ಟಿರಲಿಲ್ಲ.

ಬಾಲು ಆಂಪ್ಲಿಫಾಯರ್ ಜೋಡಿಸಿ ತಂತಿ ಮೀಟಿದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಬಂದ ದನಿಗೆ ಮೈಯೇ ಇರಲಿಲ್ಲ. ದಪ್ಪ ತಂತಿಗಳು ದೂರದಲ್ಲಿ ಯಾರೋ ತಗಡು ಕೆರೆದ ಹಾಗೆ ಕೇಳಿದವು. ಬಾಲು ದನಿ ಏರಿಸಿದ. ತಗಡಿನ ಸದ್ದು ಜೋರಾಯಿತು, ಅಷ್ಟೆ.

"ಮುಗೀತು" ಎಂದರು ಮಜೀದಸಾಬರು ಕೋಲಿಗೆ ಆತುಕೊಳ್ಳುತ್ತ. "ಚುಂಬಕದ ಶಕ್ತಿ ಹೋಗೇತಿ. ಬೆಳಗಾವಿಯವ ಖರೇ ಹೇಳ್ಯಾನ. ನಡೀರಿ, ಮಧ್ಯಾಹ್ನದ ಗಾಡಿ ಸಿಗ್ತೈತಿ."

ಬಾಲುವಿನ ಮುಖ ಬಾಡಿತು. ಅವನು ಗಿಟಾರಿನ ವಯರು ಕೀಳಲು ಬಗ್ಗಿದ.

"ತಡೀ ಬಾಲು, ಇನ್ನೊಮ್ಮೆ ಬಾರಿಸು" ಎಂದಳು ನಸೀರಾ. "ದಪ್ಪ ತಂತಿ ಒಂದ ಬಾರಿಸ್ತಾ ಇರು. ನಿಲ್ಲಿಸಬ್ಯಾಡ."

ಅವಳು ನೆಲದ ಮೇಲೆ ಮಂಡಿಯೂರಿ ಎಡಗಡೆಯ ಸ್ಪೀಕರಿಗೆ ಕಿವಿ ಹಚ್ಚಿದಳು. ಆಮೇಲೆ ಬಲಗಡೆಯದಕ್ಕೆ. ಎದ್ದು ಎರಡರ ನಡುವೆ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತಳು. ಮತ್ತೆ ಬಂದು ಎಡಕ್ಕೆ ಕಿವಿಯಿಟ್ಟಳು. ಹೀಗೆ ಮೂರು ಸಲ. ಚಹಾ ಕುಡಿಯುತ್ತಿದ್ದ ರೈಲುಹಳಿಯ ಇಬ್ಬರು ಗ್ಯಾಂಗ್‌ಮನ್‌ಗಳು ಲೋಟ ಕೆಳಗಿಟ್ಟು ನೋಡತೊಡಗಿದರು. ಮಜೀದಸಾಬರಿಗೆ ಮುಜುಗರವಾಯಿತು.

"ಸಾಕ ಬಿಡು ಬೇಟಿ."

"ಅಬ್ಬಾ, ಒಂದೊಂದಕ್ಕ ಕಿವಿ ಹಚ್ಚಿದ್ರ ದನಿ ತುಂಬಿ ಬರ್ತೈತಿ. ಹಿಂದ ಬಂದು ನಡುವ ನಿಂತ್ರ ಮಾಯ ಆಕ್ಕೈತಿ. ಸತ್ತ ಸ್ಪೀಕರ್ ಹತ್ತಿರದಾಗರೆ ಹೆಂಗ ಚಲೋ ಮಾತಾಡೀತು?"

ಮಜೀದಸಾಬರು ಕೋಲೂರಿ ಒಂದು ಹೆಜ್ಜೆ ಹತ್ತಿರ ಬಂದರು.

ನಸೀರಾ ಮುಂದಿನ ಬಟ್ಟೆಯ ಚೌಕಟ್ಟನ್ನು ಬಿಚ್ಚಿದಳು. ಎರಡು ದೊಡ್ಡ ಕಾಗದದ ಕೋನುಗಳು ಕಾಣಿಸಿದವು. ಬಲಗಡೆಯದರ ಅಂಚಿನಲ್ಲಿ ಒಂದು ಹಳೆಯ ತೇಪೆ, ಪಕ್ಕದಲ್ಲೇ ಹೊಸದಾಗಿ ಬಿಟ್ಟ ಸಣ್ಣ ಬಿರುಕು. ಅವಳು ಎಡ ಅಂಗೈಯನ್ನು ಒಂದು ಕೋನಿನ ಮೇಲೆ, ಬಲ ಅಂಗೈಯನ್ನು ಇನ್ನೊಂದರ ಮೇಲೆ, ಮಲಗಿದ ಮಗುವಿನ ಎದೆಯ ಮೇಲೆ ಇಟ್ಟ ಹಾಗೆ ಹಗುರಾಗಿ ಇಟ್ಟಳು.

"ಬಾಲು, ಪೆಟ್ಟಿಗಿ ವಯರು ಆಂಪ್ಲಿಫಾಯರದಿಂದ ಕಿತ್ತು, ಈ ಸೆಲ್ಲು ಅದರ ಎರಡೂ ತುದಿಗೆ ಹಚ್ಚು. ಹಚ್ಚಿ ತೆಗಿ."

ಬಾಲು ಹಚ್ಚಿದ. ಟಪ್ ಎಂದಿತು. ಒಂದು ಕೋನು ಅವಳ ಎಡಗೈಯನ್ನು ಹೊರಗೆ ದೂಡಿತು. ಅದೇ ಕ್ಷಣಕ್ಕೆ ಇನ್ನೊಂದು ಅವಳ ಬಲಗೈ ಕೆಳಗಿನಿಂದ ಒಳಗೆ ಸರಿಯಿತು.

"ಇನ್ನೊಮ್ಮೆ."

ಮತ್ತೆ ಹಾಗೆಯೇ. ನಸೀರಾ ಕಣ್ಣು ಮುಚ್ಚಿಕೊಂಡಿದ್ದಳು. ತೆರೆದಾಗ ಅವಳ ಮುಖದಲ್ಲಿ ಅಪ್ಪ ವರ್ಷಗಳಿಂದ ಕಾಣದ ಒಂದು ನಗೆ ಇತ್ತು.

"ಅಬ್ಬಾ, ನಿಮ್ಮ ಕೈ ಇಲ್ಲಿ ಇಡ್ರಿ."

ಅವಳು ಅಪ್ಪನ ಎಡಗೈಯನ್ನು ಹಿಡಿದು ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ಇರಿಸಿದಳು. ಬಾಲು ಎರಡು ಸಲ ಸೆಲ್ಲು ಮುಟ್ಟಿಸಿದ. ಮಜೀದಸಾಬರು ಇನ್ನೊಮ್ಮೆ ಮುಟ್ಟಿಸುವಂತೆ ಅವನಿಗೆ ಸನ್ನೆ ಮಾಡಿದರು.

"ಉಲ್ಟಾ" ಎಂದರು ಮೆಲ್ಲಗೆ. "ಒಂದಕ್ಕ ವಯರು ಉಲ್ಟಾ ಹಚ್ಯಾರ."

ಒಂದೇ ಗಾಡಿಯನ್ನು ಇಬ್ಬರು ಎದುರುಬದುರು ನಿಂತು ದೂಡಿದರೆ ಹೇಗೋ ಹಾಗೆ ಆಗಿತ್ತು ಆ ಪೆಟ್ಟಿಗೆಯ ಗತಿ. ಎರಡೂ ಸ್ಪೀಕರುಗಳು ಗಟ್ಟಿಮುಟ್ಟಾಗಿದ್ದವು. ಒಂದರ ದನಿಯನ್ನು ಇನ್ನೊಂದು ನುಂಗುತ್ತಿತ್ತು.

ಬಾಲು ನಸೀರಾಳ ಹತ್ತಿರ ಸರಿದು ಪಿಸುಗುಟ್ಟಿದ: "ಆಪಾ, ಈಗ ಏನೂ ಅನಬ್ಯಾಡ್ರಿ. ಆರನೂರು ಕೊಟ್ಟು ಹೊತ್ತುಕೊಂಡು ಹೋಗೂಣು. ಮನ್ಯಾಗ ಸರಿ ಮಾಡೂಣು."

ನಸೀರಾ ಅವನನ್ನು ನೋಡಿದಳು, ಚಹಾ ಸೋಸುತ್ತಿದ್ದ ಗಿರಿಜಾಬಾಯಿಯನ್ನು ನೋಡಿದಳು. ಪರದೆಯ ಹಿಂದೆ ಒಂದು ವರ್ಷ ಕೂತವಳಿಗೆ ಮುಚ್ಚಿಟ್ಟ ಸತ್ಯ ಎಷ್ಟು ಭಾರ ಎಂಬುದು ಗೊತ್ತಿತ್ತು.

"ಮಾವಶಿ, ಇಲ್ಲಿ ಬರ್ರಿ" ಎಂದು ಕರೆದಳು. "ನಿಮ್ಮ ಪೆಟ್ಟಿಗಿ ಸತ್ತಿಲ್ಲ. ಯಾರೋ ಬಿಚ್ಚಿ ಕೂಡಿಸುವಾಗ ವಯರು ಅದಲಬದಲ ಮಾಡ್ಯಾರ."

ಗಿರಿಜಾಬಾಯಿ ಸೋಸುವ ಬಟ್ಟೆ ಹಿಡಿದುಕೊಂಡೇ ಬಂದಳು. "ಮಾಲಕರ ಬಿಚ್ಚಿದ್ರು" ಎಂದಳು. "ಕಾಗದ ಹರದಿತ್ತು, ತೇಪಿ ಹಚ್ಚಿದ್ರು. ಆ ಮ್ಯಾಲೆ ಸ್ವರ ಕೆಟ್ಟಿತು. ಪೆಟ್ಟಿಗಿಗೂ ವಯಸ್ಸಾತು ನನಗೂ ವಯಸ್ಸಾತು ಅಂತಿದ್ರು. ಬಾರಸೂದ ಬಿಟ್ರು."

ನಸೀರಾ ಹಿಂದಿನ ಹಲಗೆಯ ಸ್ಕ್ರೂಗಳನ್ನು ಬಿಚ್ಚಿದಳು. ಬೆಸುಗೆ ಕಡ್ಡಿ ಕಾಯುವವರೆಗೆ ಕಾದು, ಬಲಗಡೆಯ ಸ್ಪೀಕರಿನ ಎರಡು ವಯರುಗಳನ್ನು ಬಿಡಿಸಿ ಅದಲುಬದಲು ಮಾಡಿ ಕೂಡಿಸಿದಳು. ಐದು ನಿಮಿಷದ ಕೆಲಸ.

"ಈಗ ಬಾರಿಸು."

ಬಾಲು ದಪ್ಪ ತಂತಿಯನ್ನು ಒಮ್ಮೆ ಮೀಟಿದ. ಕಪಾಟಿನ ಮೇಲಿನ ಲೋಟಗಳು ಗಲಗಲ ಎಂದವು. ದನಿ ನೆಲದಿಂದ ಎದ್ದು ಕಾಲಿನಿಂದ ಎದೆಗೆ ಏರಿತು. ಬಾಲು ಹೆದರಿದವನಂತೆ ತಂತಿಯ ಮೇಲೆ ಕೈಯಿಟ್ಟು ದನಿ ನಿಲ್ಲಿಸಿದ. ಆಮೇಲೆ ಜೋರಾಗಿ ನಕ್ಕು ಮತ್ತೆ ಬಾರಿಸತೊಡಗಿದ. ಗ್ಯಾಂಗ್‌ಮನ್ ಒಬ್ಬ ಸೀಟಿ ಹೊಡೆದ. ಪ್ಲಾಟ್‌ಫಾರ್ಮಿನಿಂದ ನಾಲ್ಕು ಜನ ಇಣುಕಿದರು. ಗಿರಿಜಾಬಾಯಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

ಆಕೆ ಭಾವುಕಳಾಗಿ ಪೆಟ್ಟಿಗೆಯನ್ನು ದಾನ ಕೊಟ್ಟುಬಿಡಲಿಲ್ಲ. ಚಹಾ ಅಂಗಡಿ ನಡೆಸುವವಳು ಹಾಗೆ ಮಾಡುವುದೂ ಇಲ್ಲ. ಕಣ್ಣು ಒರೆಸಿಕೊಂಡು ನಸೀರಾಳನ್ನೇ ಕೇಳಿದಳು: "ನೀನ ಸಾಂಗ ಬಾಳಾ, ನೀನ ಹೇಳು, ಈಗ ಇದಕ್ಕ ಎಷ್ಟು ಬೆಲಿ?"

ಬಾಲು ತಲೆ ತಗ್ಗಿಸಿದ. ನಸೀರಾ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು.

"ಚಲೋ ಸ್ಥಿತಿಯೊಳಗ ಇದ್ರ ಮೂರು ಸಾವಿರಕ್ಕೂ ಒಯ್ಯಾವ್ರು ಅದಾರ. ಆದ್ರ ಈ ತೇಪಿ ಪಕ್ಕ ಹೊಸಾ ಬಿರುಕು ಐತಿ, ಈಗ ಹಚ್ಚಲಿಲ್ಲಂದ್ರ ಆರು ತಿಂಗಳದಾಗ ಹರೀತೈತಿ. ಹಿಡಿಕಿ ಇಲ್ಲ. ಹಿಂದಿನ ಹಲಗಿ ಸಡಲೈತಿ. ಹನ್ನೆರಡನೂರು ಅಂದ್ರ ನಿಮಗೂ ಅನ್ಯಾಯ ಅಲ್ಲ, ಇವಗೂ ಅನ್ಯಾಯ ಅಲ್ಲ. ತಗೋ ಬಾಲು. ಇಂಥಾದ್ದು ಮತ್ತ ಸಿಗೂದಿಲ್ಲ."

ಬಾಲುವಿನ ಹತ್ತಿರ ಎಂಟುನೂರು ಇತ್ತು. ಅವನು ಮಜೀದಸಾಬರ ಕಡೆ ನೋಡಿದ. ಮಜೀದಸಾಬರು ಮಗಳ ಕಡೆ ನೋಡುತ್ತಿದ್ದರು. ಎಡಗೈಯನ್ನು ಅಂಗಿಯ ಜೇಬಿಗೆ ಹಾಕಿ ಕಡಿಮೆ ಬಿದ್ದ ನಾಲ್ಕುನೂರಕ್ಕೆ ನೋಟುಗಳನ್ನು ಎಣಿಸದೆಯೇ ತೆಗೆದು ಗಿರಿಜಾಬಾಯಿಯ ಮುಂದಿಟ್ಟರು. "ನಮ್ಮ ಹುಡುಗಿ ತಗೋ ಅಂದಾಳ" ಎಂದರು. "ಮುಗೀತು."

ಗಿರಿಜಾಬಾಯಿ ನೋಟು ಎಣಿಸಿ, ಹೆಚ್ಚಾದದ್ದನ್ನು ಮರಳಿಸಿ, ಎಲ್ಲರಿಗೂ ಚಹಾ ಕೊಟ್ಟಳು. ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮರುದಿನ ಅಂದಾನೆಪ್ಪ ಅಂಗಡಿಗೆ ಬಂದರು. ಪೆಟ್ಟಿಗೆ ಮುಂದಿನ ಮೇಜಿನ ಮೇಲೆಯೇ ಇತ್ತು. ಅವರು ಅನುಮಾನದಿಂದ ಸುತ್ತ ನೋಡಿ, "ಸಾಹೇಬ್ರ, ಇದನ್ನ ನಂಬಿ ಸ್ಪರ್ಧಾಕ್ಕ ಹೋಗಬಹುದೇನ್ರಿ? ನಡುವ ಕೈ ಕೊಟ್ರ ನಮ್ಮ ಮಾನ ಹೋಗ್ತೈತಿ. ನಿಮ್ಮ ಕೈಯಾಗಿನ ಕೆಲಸ ಅಂದ್ರ ಧೈರ್ಯ" ಎಂದರು.

"ನನ್ನ ಕೈಯಾಗಿನ ಕೆಲಸ ಅಲ್ಲ" ಎಂದರು ಮಜೀದಸಾಬರು. ಎದ್ದು ಹೋಗಿ ಹಳೆಯ ಸೀರೆಯನ್ನು ಎಡಗೈಯಿಂದ ಜಗ್ಗಿದರು. ಒಂದು ಮೊಳೆ ಕಿತ್ತು ಪರದೆ ಅರ್ಧಕ್ಕೆ ಜೋತುಬಿತ್ತು. ಒಳಗೆ ಆ ಪೆಟ್ಟಿಗೆಯಿಂದ ಬಿಚ್ಚಿದ ಸ್ಪೀಕರಿನ ಕೋನಿನ ಅಂಚಿಗೆ ಅಂಟು ಸವರುತ್ತಿದ್ದ ನಸೀರಾ ಗಾಬರಿಯಿಂದ ತಲೆಯೆತ್ತಿದಳು. "ಒಂದು ವರ್ಷದಿಂದ ನೀವು ತಂದದ್ದೆಲ್ಲಾ ಈಕಿನ ಮಾಡ್ಯಾಳ. ನಾ ಬ್ಯಾಡ ಅಂದ ಪೆಟ್ಟಿಗಿ ಇದು. ನಾ ತಪ್ಪಿದ್ದೆ. ಧೈರ್ಯ ಬೇಕಂದ್ರ ಈಕಿನ್ನ ಕೇಳ್ರಿ."

ಅಂದಾನೆಪ್ಪ ಪೆಟ್ಟಿಗೆಯನ್ನು ನೋಡಿದರು, ಆಮೇಲೆ ನಸೀರಾಳ ಅಂಟು ಹತ್ತಿದ ಬೆರಳುಗಳನ್ನು ನೋಡಿದರು. ಅವರ ಕೀಬೋರ್ಡಿನ ಸ್ಪೀಕರೂ ಆರು ತಿಂಗಳ ಹಿಂದೆ ಇಲ್ಲೇ ರಿಪೇರಿಯಾಗಿತ್ತು. ಕೊನೆಗೆ, "ಹಂಗಾದ್ರ ತಂಗಿ, ನೀನೂ ಹಳಿಯಾಳಕ್ಕ ಬಾ" ಎಂದರು. "ಎಲ್ಲೆ ಇಡಬೇಕು, ಎಷ್ಟು ಏರಸಬೇಕು, ನೀನ ಹೇಳು."

ಹಳಿಯಾಳದ ಮೈದಾನದಲ್ಲಿ ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆಲ್ಲ ಜನ ತುಂಬಿದ್ದರು. ಐದು ತಂಡಗಳು. ಧಾರವಾಡದ ಕಡೆಯಿಂದ ಬಂದ ತಂಡದ ಸಾಮಾನಿಗೇ ಒಂದು ಲಾರಿ ಬೇಕಾಗಿತ್ತು. ಕಾಳಿತೀರದವರ ಸಾಮಾನು ಒಂದು ಟೆಂಪೋದ ಮೂಲೆಯಲ್ಲಿ ಹಿಡಿಸಿತ್ತು. ಮಳಗಿ ತಾಂಡಾದಿಂದ ಬಾಲುವಿನ ತಾಯಿ ಮೋತಿಬಾಯಿ ಹತ್ತು ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದಳು. ನಸೀರಾ ವೇದಿಕೆಯ ಬದಿಯಲ್ಲಿ ನಿಂತು ಪೆಟ್ಟಿಗೆಯನ್ನು ನೆಲದಿಂದ ಮೇಲೆತ್ತಿಸಿದಳು. ಹಲಗೆಯ ವೇದಿಕೆ ಗುಂಯ್ ಎನ್ನದಿರಲಿ ಎಂದು ಅಡಿಗೆ ಎರಡು ಇಟ್ಟಿಗೆ ಇಡಿಸಿ, ಮುಖವನ್ನು ಸ್ವಲ್ಪ ಜನರ ಕಡೆ ತಿರುಗಿಸಿದಳು. "ಏರಿಸಬ್ಯಾಡ" ಎಂದಳು ಬಾಲುವಿಗೆ. "ಅರ್ಧ ಸಾಕು. ಅದಕ್ಕ ಉಸಿರು ಐತಿ."

ನಾಲ್ಕನೆಯ ಹಾಡಿಗೆ ಅಂದಾನೆಪ್ಪ ಕೀಬೋರ್ಡಿನಿಂದ ಕೈ ತೆಗೆದರು. ತಬಲಾ ನಿಂತಿತು. ಬಾಲು ಒಬ್ಬನೇ ಉಳಿದ. ಅವನು ಬಾರಿಸಿದ್ದು ಯಾವ ಸಿನಿಮಾದ್ದೂ ಅಲ್ಲ. ತಾಂಡಾದಲ್ಲಿ ಹೆಂಗಸರು ಕೈಹಿಡಿದು ಸುತ್ತು ಹಾಕುತ್ತ ಹೇಳುವ ಒಂದು ಧಾಟಿ. ಮೊದಲು ಸಣ್ಣ ತಂತಿಯ ಮೇಲೆ, ಒಬ್ಬಳು ಹೇಳಿದ ಹಾಗೆ. ಆಮೇಲೆ ದಪ್ಪ ತಂತಿಗಳು ಕೂಡಿಕೊಂಡವು, ಹತ್ತು ಜನ ದನಿಗೂಡಿಸಿದ ಹಾಗೆ. ಪೆಟ್ಟಿಗೆ ಎಲ್ಲಿಯೂ ಒಡೆಯಲಿಲ್ಲ, ಚೀರಲಿಲ್ಲ. ಮೈದಾನದ ಆ ತುದಿಯಲ್ಲಿ ಕಬ್ಬಿನಹಾಲು ಮಾರುವವನು ಗಾಣ ನಿಲ್ಲಿಸಿದ. ಮೋತಿಬಾಯಿಗೆ ಮೊದಲ ಸಾಲಿಗೇ ಗುರುತು ಹತ್ತಿತು. ಆಕೆ ಕೂತಲ್ಲೇ ಕೈತಟ್ಟಿದಳು. ಬಳೆಗಳ ಸದ್ದಿಗೆ ಉಳಿದವರೂ ಎದ್ದರು, ಎದ್ದವರು ಸುತ್ತು ಕಟ್ಟಿದರು. ಹಿಂದೆ ಕೂತವರು ಕಾಣುವುದಿಲ್ಲ ಎಂದು ಕೂಗಲಿಲ್ಲ. ಅವರೂ ಎದ್ದು ನಿಂತರು.

ಸಂಜೆ ನಾಲ್ಕಕ್ಕೆ ಮೊದಲ ಬಹುಮಾನಕ್ಕೆ ಕಾಳಿತೀರದ ಹೆಸರು ಕೂಗಿದರು. ಬಹುಮಾನದ ಢಾಲು ತೆಗೆದುಕೊಳ್ಳಲು ಹೋದ ಬಾಲು ಮೈಕಿನ ಮುಂದೆ ನಿಂತು, ಎರಡು ಸಲ ಕೆಮ್ಮಿ, "ಇದು ನನ್ನೊಬ್ಬಂದು ಅಲ್ರಿ. ನಮ್ಮ ನಸೀರಾ ಆಪಾ ಮ್ಯಾಲ ಬರಬೇಕ್ರಿ" ಎಂದ. ನಸೀರಾ ಹಿಂದೆ ಸರಿದಳು. ಅಪ್ಪ ಕೋಲಿನ ತುದಿಯಿಂದ ಅವಳ ಬೆನ್ನಿಗೆ ಮೆಲ್ಲಗೆ ತಿವಿದರು. "ಹೋಗು. ನೀ ಹೋಗಲಿಲ್ಲಂದ್ರ ನಾ ಹೋಗ್ತೇನಿ ನೋಡು!" ಅವಳು ಮೆಟ್ಟಿಲು ಹತ್ತಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಕೇಳಿದ್ದು ತಾಂಡಾದ ಹೆಂಗಸರ ಕಡೆಯಿಂದ. ಮಜೀದಸಾಬರಿಗೆ ಎರಡು ಕೈ ಕೂಡಿಸಿ ತಟ್ಟಲು ಆಗುತ್ತಿರಲಿಲ್ಲ. ಅವರು ಕೋಲಿನಿಂದ ನೆಲ ಬಡಿದರು.

ಕೆಳಗಿಳಿದವಳನ್ನು ಧಾರವಾಡ ಕಡೆಯ ತಂಡದ ಸೌಂಡಿನವನು ತಡೆದ. ನಲವತ್ತರ ಆಸುಪಾಸಿನವನು, ಕುತ್ತಿಗೆಯಲ್ಲಿ ಹೆಡ್‌ಫೋನು. "ಬಾಯಾರ, ನಮ್ಮ ಎರಡು ಸ್ಪೀಕರ್ ಮೂರು ತಿಂಗಳಿಂದ ಕಿರಿಕಿರಿ ಮಾಡ್ಲಿಕ್ಕೆ ಹತ್ತ್ಯಾವು. ಮೂರು ಕಡೆ ತೋರಸೇನಿ. ನೀವು ನೋಡ್ತೀರೇನ್ರಿ?"

"ತಗೊಂಡು ಬರ್ರಿ" ಎಂದಳು ನಸೀರಾ. "ದಾಂಡೇಲಿಯೊಳಗ ಯಾರನ್ನ ಕೇಳಿದ್ರೂ ಅಂಗಡಿ ತೋರಸ್ತಾರ."

ಆ ಮಾತು ಅಂದು ಪೂರ್ತಿ ನಿಜವಾಗಿರಲಿಲ್ಲ. ಒಂದು ವರ್ಷದೊಳಗೆ ನಿಜವಾಯಿತು. ಜೋಯಿಡಾದ ಚರ್ಚಿನವರು, ಮುಂಡಗೋಡ ಕಡೆಯ ಇಂದೂರಿನ ಭಜನಾ ಮಂಡಳಿಯವರು, ಶಾಲೆಗಳವರು, ನಾಟಕದವರು ಬಂದರು. ಮಜೀದಸಾಬರು ಮುಂದಿನ ಕುರ್ಚಿ ಬಿಟ್ಟು ಬಾಗಿಲ ಪಕ್ಕದ ಬೆಂಚಿಗೆ ಹೋದರು. ಬಂದವರಿಗೆಲ್ಲ ಕ್ಯಾಸಲ್‌ರಾಕಿನ ಕಥೆಯನ್ನು, ತಾವು ಸೋತ ಭಾಗವನ್ನೇ ಹೆಚ್ಚು ಹಿಗ್ಗಿಸಿ, ಹೇಳುವುದು ಅವರ ದಿನದ ಕೆಲಸವಾಯಿತು. ೨೦೦೪ರಲ್ಲಿ ಅವರು ತೀರಿಕೊಂಡಾಗ ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಮಗಳ ಗಿರಾಕಿಗಳು.

ಈಗ ಅವಳ ಅಂಗಡಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ಕೆಲಸ ಕಲಿಯುತ್ತಿದ್ದಾರೆ. ಒಬ್ಬಳು ಅವಳ ಅಕ್ಕನ ಮಗಳು ರುಕ್ಸಾರ, ಇನ್ನೊಬ್ಬಳು ಬಾಲುವಿನ ತಂಗಿ ತುಳಜಾ. ಮೊನ್ನೆ ಶಿರಸಿಯಿಂದ ಒಬ್ಬನ ಫೋನು ಬಂದಿತ್ತು. ಹಳೆಯ ಗಿಟಾರ್ ಪೆಟ್ಟಿಗೆಯೊಂದು ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಲೋ ಬೇಡವೋ ಎಂಬುದು ಅವನ ಚಿಂತೆ. ಬೆಲೆ ಹೇಳಲು ಹೊರಟವನನ್ನು ನಸೀರಾ ತಡೆದಳು.

"ಬೆಲಿ ಆಮ್ಯಾಲೆ ಹೇಳ್ರಿ. ಮೊದಲು ಒಬ್ಬರಿಗೆ ದಪ್ಪ ತಂತಿ ಬಾರಿಸಾಕ ಹೇಳಿ ಫೋನು ಪೆಟ್ಟಿಗಿ ಹತ್ರ ಹಿಡೀರಿ. ಹಂಗ... ಈಗ ನಾಕು ಹೆಜ್ಜಿ ಹಿಂದ ಹೋಗ್ರಿ."

ಫೋನನ್ನು ಕಿವಿಗೆ ಒತ್ತಿಕೊಂಡು ಅವಳು ಸ್ವಲ್ಪ ಹೊತ್ತು ಕೇಳಿದಳು. ರುಕ್ಸಾರ, ತುಳಜಾ ಇಬ್ಬರೂ ಕೆಲಸ ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದರು.

"ಚಲೋ ಐತ್ರಿ" ಎಂದಳು ನಸೀರಾ. "ಮೂಲ್ಯಾಗ ಎಲ್ಲೋ ಒಂದು ಸ್ಕ್ರೂ ಸಡಲಾಗೇತಿ, ಬಿಗಿ ಮಾಡಸ್ರಿ. ತಗೊಂಡ ಬಿಡ್ರಿ."